ಪ್ರಶ್ನಿಸುವ ಮಗುವನ್ನು ಗದರಿಸದಿರೋಣ

(ಬೇಸಿಗೆ ಶಿಬಿರಗಳ ಪೂರ್ವಭಾವಿಯಾಗಿ ಪೋಷಕರು ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾರ್ಷಿಕ ಪರೀಕ್ಷೆ ಮುಗಿದೊಡನೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳ ಮಾತು ಆರಂಭವಾಗುತ್ತದೆ. ಕಂಠಪಾಠ, ಶಿಷ್ಟಾಚಾರ, ಚಿತ್ರಕಲೆ, ಆಟೋಟ ಎಲ್ಲಕ್ಕೂ ನಾವು ವೇಳೆ ನಿಗದಿಪಡಿಸುತ್ತೇವೆ. ಮಗುವಿನ ಪ್ರಶ್ನೆಗೆ ಮಾತ್ರ ವೇಳೆಯಿರುವುದಿಲ್ಲ. ದಿನಕ್ಕೊಂದು ಗಂಟೆಯನ್ನು ತತ್ವಚಿಂತನೆಗೆ ಮೀಸಲಿಡೋಣ ಎಂಬುದೇ ಇಂದು ನಿಮ್ಮ ಮುಂದಿಡಬಯಸುವ ವಿಚಾರ.

ತತ್ವಶಾಸ್ತ್ರವೆಂದೊಡನೆ ಹಲವರು ಹುಬ್ಬು ಗಂಟಿಕ್ಕುತ್ತಾರೆ. ಹತ್ತು ವರ್ಷದ ಮಗುವಿಗೆ ಅದೇಕೆ? ಪ್ರಶ್ನಿಸಲು ಕಲಿತ ಮಗು ನಾಳೆ ವಿಶ್ವಾಸವನ್ನೇ ಪ್ರಶ್ನಿಸಿದರೆ? ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಸತ್ತವರನ್ನು ಹೇಗೆ ಜೀವಂತಗೊಳಿಸುವೆ ಎಂದು ಪ್ರಭುವನ್ನೇ ಕೇಳಿದವರು ಪ್ರವಾದಿ ಇಬ್ರಾಹೀಮ್(ಅ). ಅವರಲ್ಲಿ ವಿಶ್ವಾಸವಿತ್ತು, ಹೃದಯದ ಸಮಾಧಾನಕ್ಕಾಗಿ ಕೇಳಿದರು. ಪವಿತ್ರ ಕುರ್‌ಆನ್ ಆ ಪ್ರಶ್ನೆಯನ್ನು ಉತ್ತರ ಸಮೇತ ದಾಖಲಿಸಿದೆ. ನಿಂತಂತೆ ಕಾಣುವ ನೆರಳು ಚಲಿಸುತ್ತಿರುವಾಗ, ನಾಣ್ಯದಷ್ಟು ಕಾಣುವ ನಕ್ಷತ್ರವು ಭೂಮಿಗಿಂತ ದೊಡ್ಡದಾಗಿರುವಾಗ, ಕಣ್ಣನ್ನು ಎಷ್ಟು ನಂಬಬೇಕೆಂದು ಇಮಾಮ್ ಗಝ್ಝಾಲಿ (1058-1111) ತಮ್ಮ ಆತ್ಮಕಥನದಲ್ಲಿ ಚರ್ಚಿಸಿದ್ದಾರೆ. ಅಂಗಳದಲ್ಲಿ ಕೋಲೊಂದನ್ನು ನೆಟ್ಟರೆ ಸಾಕು, ಮಗು ಈ ಪಾಠವನ್ನು ಸ್ವತಃ ಕಾಣಬಲ್ಲದು. ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿ ಮಂತಿಕ್, ಅಂದರೆ ತರ್ಕಶಾಸ್ತ್ರ, ಶತಮಾನಗಳಿಂದ ಬೋಧನೆಯಾಗುತ್ತಿದೆ. ಹಿರಿಯರಿಗೆ ಸಲ್ಲುವ ಈ ವಿದ್ಯೆಯ ಮೊದಲ ಮೆಟ್ಟಿಲನ್ನು ಕಿರಿಯರಿಗೇಕೆ ನಿರಾಕರಿಸಬೇಕು?

ನಾವು ಬದುಕುತ್ತಿರುವ ನೆಲವೂ ಚಿಂತನೆಯ ನೆಲವೇ. ಶೃಂಗೇರಿ ಅದ್ವೈತದ ಪೀಠ. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ನಡೆದ ವಾದಕ್ಕೆ ಮಂಡನರ ಪತ್ನಿ ಉಭಯಭಾರತಿಯೇ ತೀರ್ಪುಗಾರ್ತಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಪತಿಯ ಸೋಲನ್ನು ನ್ಯಾಯವಾಗಿ ಒಪ್ಪಿದ ಆ ಹೆಣ್ಣಿನ ಕಥೆಯನ್ನು ನಮ್ಮ ಹೆಣ್ಣುಮಕ್ಕಳು ಕೇಳಬೇಡವೇ? ವಿಶ್ವಮಾನವ ತತ್ವವನ್ನು ಸಾರಿದ ಕುವೆಂಪು 1904ರಲ್ಲಿ ಜನಿಸಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಬಸದಿಯಿದೆ. ಸತ್ಯಕ್ಕೆ ಹಲವು ಮುಖಗಳುಂಟೆಂಬ ಅನೇಕಾಂತವಾದವು ಜೈನರ ಕೊಡುಗೆ. ನೆರೆಯವರ ಚಿಂತನೆಯನ್ನು ತಿಳಿದಾಕ್ಷಣ ನಮ್ಮದನ್ನು ಕಳೆದುಕೊಳ್ಳುವುದಿಲ್ಲ.

ಬೋಧಿಸುವ ಬಗೆ ಹೇಗೆ? ಅಮೆರಿಕದ ತತ್ವಶಾಸ್ತ್ರಜ್ಞ ಮ್ಯಾಥ್ಯೂ ಲಿಪ್‌ಮನ್ 1974ರಲ್ಲಿ ನ್ಯೂಜರ್ಸಿಯಲ್ಲಿ ಇದಕ್ಕಾಗಿಯೇ ಸಂಸ್ಥೆಯೊಂದನ್ನು ಕಟ್ಟಿದರು. ಅವರ ಕ್ರಮ ಸರಳ. ಮಕ್ಕಳು ವೃತ್ತಾಕಾರದಲ್ಲಿ ಕುಳಿತು ಕಥೆಯೊಂದನ್ನು ಸರದಿಯಂತೆ ಓದುತ್ತಾರೆ. ತಮಗೆ ಹೊಳೆದ ಪ್ರಶ್ನೆಗಳನ್ನು ಹೇಳುತ್ತಾರೆ. ಶಿಕ್ಷಕರು ಅವನ್ನು ಕೇಳಿದವರ ಹೆಸರಿನೊಂದಿಗೆ ಹಲಗೆಯ ಮೇಲೆ ಬರೆಯುತ್ತಾರೆ. ಬಳಿಕ ಚರ್ಚೆ. ಹೇಳಿದ ಮಾತಿಗೆ ಕಾರಣ ಕೊಡಬೇಕು, ಇತರರ ಮಾತನ್ನು ಪೂರ್ತಿ ಕೇಳಬೇಕು. ಶಿಕ್ಷಕರು ತೀರ್ಪು ನೀಡುವ ಆತುರ ತೋರಬಾರದು.

ಕುರುಡರು ಆನೆಯನ್ನು ಮುಟ್ಟಿದ ಕಥೆಯಿಂದಲೇ ಆರಂಭಿಸಬಹುದು. ಬೌದ್ಧರಲ್ಲೂ ಜೈನರಲ್ಲೂ ಇರುವ ಈ ಕಥೆಯನ್ನು ಗಝ್ಝಾಲಿಯೂ ಹೇಳಿದ್ದಾರೆ. ರೂಮಿ ತಮ್ಮ ಮಸ್ನವಿಯಲ್ಲಿ ಆನೆಯನ್ನು ಕತ್ತಲೆಯ ಕೋಣೆಯಲ್ಲಿರಿಸಿದ್ದಾರೆ. ಮುಟ್ಟಿದ್ದೆಲ್ಲ ನಿಜವಾಗಿದ್ದರೆ ತಪ್ಪಿದ್ದೆಲ್ಲಿ? ನರಸಿಂಹರಾಜಪುರದ ಮಗುವಿಗೆ ಆನೆ ಕೇವಲ ಕಥೆಯ ಪ್ರಾಣಿಯೂ ಅಲ್ಲ. ಕಾಡಂಚಿನ ತೋಟಗಳಿಗೆ ಆನೆ ಇಳಿಯುತ್ತದೆ, ಜೀವಹಾನಿಯೂ ಆಗಿದೆ. ತೋಟಕ್ಕೆ ನುಗ್ಗಿದ ಆನೆ ಅಪರಾಧಿಯೇ? ಕಾಡು ಯಾರದ್ದು? ತೋಟದ ಮಾಲಕರ ಮಗುವೂ ಕಾರ್ಮಿಕರ ಮಗುವೂ ಜೊತೆಗೆ ಕುಳಿತು ಇದನ್ನು ಚರ್ಚಿಸಲಿ. ಇದುವೇ ತತ್ವಶಾಸ್ತ್ರ.

ಬಂಧುಗಳೇ, ಇದು ಬಿಡುವಿನ ವೇಳೆಯ ವಿನೋದವಲ್ಲ. ಇಂದು ಪ್ರತಿ ಮನೆಗೂ ಮೊಬೈಲ್ ಮೂಲಕ ವದಂತಿಗಳು ಬರುತ್ತವೆ. ಅವು ನಮ್ಮ ವಿರುದ್ಧವೂ ಇರುತ್ತವೆ, ಇತರರ ವಿರುದ್ಧ ನಮ್ಮನ್ನು ಕೆರಳಿಸುವಂತಹವೂ ಇರುತ್ತವೆ. ಬಂದ ಸುದ್ದಿಯನ್ನು ಪರಿಶೀಲಿಸಿ ಎಂಬುದು ಕುರ್‌ಆನಿನ ಆದೇಶ. "ಇದು ನಿಮಗೆ ಹೇಗೆ ಗೊತ್ತು?" ಎಂದು ವಿನಯದಿಂದ ಕೇಳುವ ಅಭ್ಯಾಸವಿಲ್ಲದ ಮಗು ಆ ಆದೇಶವನ್ನು ಪಾಲಿಸುವುದಾದರೂ ಹೇಗೆ? ಮನೆಯಲ್ಲಿ ಬಾಯಿ ಮುಚ್ಚಿಸಲ್ಪಟ್ಟ ಪ್ರಶ್ನೆ ಸಾಯುವುದಿಲ್ಲ. ಉತ್ತರವನ್ನು ಅರಸಿ ಬೀದಿಗೆ ಹೋಗುತ್ತದೆ. ಅಲ್ಲಿ ಯಾರು ಉತ್ತರಿಸುವರೆಂಬುದು ನಮ್ಮ ಕೈಯಲ್ಲಿರುವುದಿಲ್ಲ.

ಆದ್ದರಿಂದ ಈ ರಜೆಯಲ್ಲಿ ಹತ್ತು ದಿನ, ದಿನಕ್ಕೊಂದು ಗಂಟೆ ಕೊಡಿ. ಚಾಪೆ, ಕರಿಹಲಗೆ ಮತ್ತು ತಾಳ್ಮೆಯುಳ್ಳ ಓರ್ವ ಶಿಕ್ಷಕರಿದ್ದರೆ ಸಾಕು. ಉತ್ತರ ತಿಳಿಯದಿದ್ದಲ್ಲಿ "ಜೊತೆಗೂಡಿ ಹುಡುಕೋಣ ಮಗೂ" ಎನ್ನಿ. ಅದರಿಂದ ಹಿರಿಯರ ಗೌರವ ಕುಂದದು.