ಕೈಯ ದುಡಿಮೆಯಿಂದ ಕಣ್ಣಿನ ದುಡಿಮೆಗೆ



ಯಡ್ರಾವದವರಾದ ನಮಗೆ ಮಗ್ಗದ ಮಾತು ಬೇಗ ತಿಳಿಯುತ್ತದೆ. ಕೈಮಗ್ಗದಲ್ಲಿ ನೇಕಾರರ ಕೈಕಾಲು ದುಡಿಯುತ್ತಿದ್ದವು. 1904ರಲ್ಲಿ ನೆರೆಯ ಇಚಲಕರಂಜಿಗೆ ಯಂತ್ರಮಗ್ಗ ಬಂದ ಮೇಲೆ ದುಡಿಮೆ ಕಣ್ಣಿಗೆ ಏರಿತು. ಎಲ್ಲಿ ಎಳೆ ಹರಿಯಿತೆಂದು ನೋಡುತ್ತ ನಿಲ್ಲುವುದೇ ಕೆಲಸವಾಯಿತು. ರೈಲು ಚಾಲಕರ ಕಾಯಕವೂ ಇದೇ ದಾರಿಯಲ್ಲಿ ಸಾಗಿ ಬಂದಿದೆ.

1891ರಲ್ಲಿ ಮಿರಜ–ಕೊಲ್ಹಾಪುರ ಮಾರ್ಗ ತೆರೆದಾಗ ಅದರ ಮೇಲೆ ಓಡಿದ್ದು ಉಗಿಬಂಡಿ. ಫೈರ್‌ಮನ್ ಕಲ್ಲಿದ್ದಲು ಎಸೆಯಬೇಕು, ಚಾಲಕರು ಉಗಿಯ ಒತ್ತಡವನ್ನೂ ನೀರಿನ ಮಟ್ಟವನ್ನೂ ಕಾಯಬೇಕು. ಬೆವರಿನ ಕೆಲಸ, ಆದರೆ ತೂಕಡಿಕೆಗೆ ಆಸ್ಪದ ಕಡಿಮೆ. 2024ರ ಸೆಪ್ಟೆಂಬರಿನಿಂದ ಕೊಲ್ಹಾಪುರ–ಪುಣೆ ಹಾಗೂ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಗಾಡಿಗಳು ಮಿರಜದ ಮೂಲಕ ಓಡುತ್ತಿವೆ. ಅವುಗಳ ಲೋಕೊ ಪೈಲಟ್ ಕುಳಿತಿರುವುದು ತಂಪಾದ ಕೋಣೆಯಲ್ಲಿ. ಕೈಗೆ ಕೆಲಸ ಕಡಿಮೆ, ಮನಸ್ಸಿಗೆ ಬಿಡುವಿಲ್ಲ.

ದೇಶದ ಹಲವು ಮಾರ್ಗಗಳಲ್ಲಿ ಇಂಥ ಗಾಡಿ ಗಂಟೆಗೆ 130 ಕಿಲೋಮೀಟರ್ ಓಡುತ್ತದೆ. ಅಂದರೆ ಸೆಕೆಂಡಿಗೆ 36 ಮೀಟರ್. ಆದ್ದರಿಂದ ಚಾಲಕರೂ ಸಹಾಯಕರೂ ಪ್ರತಿಯೊಂದು ಸಿಗ್ನಲಿನ ಬಣ್ಣವನ್ನು ಕೈಮಾಡಿ ತೋರಿಸಿ, ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ನಮ್ಮ ಮಕ್ಕಳು ಮಗ್ಗಿ ಒಪ್ಪಿಸಿದಂತೆ ಎಂದು ನಗಬೇಡಿ. ಕಂಡದ್ದನ್ನು ಬಾಯಿ ಹೇಳಿದರೆ ಮನಸ್ಸು ಬೇರೆಡೆಗೆ ಹೋಗದು. ಚಾಲಕರ ಕೈ ಸ್ವಲ್ಪ ಹೊತ್ತು ಅಲುಗದಿದ್ದರೆ ಎಚ್ಚರಿಕೆಯ ಯಂತ್ರ ದೀಪ ಬೆಳಗಿಸುತ್ತದೆ, ಸದ್ದು ಮಾಡುತ್ತದೆ, ಉತ್ತರ ಬಾರದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಜಪಾನಿನಲ್ಲಿ 1964ರಲ್ಲಿ ಗಂಟೆಗೆ 210 ಕಿಲೋಮೀಟರ್ ವೇಗದ ಶಿಂಕಾನ್ಸೆನ್ ಆರಂಭವಾದಾಗ, ದಾರಿ ಬದಿಯ ಸಿಗ್ನಲನ್ನು ನೆಚ್ಚದೆ ಅದನ್ನು ಚಾಲಕರ ಮುಂದಿನ ಫಲಕಕ್ಕೇ ತಂದರು. ನಮ್ಮ ‘ಕವಚ’ ವ್ಯವಸ್ಥೆಯೂ ಆ ಹಾದಿಯದೇ. ಯಂತ್ರ ಹೆಚ್ಚು ಮಾಡಿದಷ್ಟೂ, ಏನೂ ಮಾಡದೆ ಎಚ್ಚರವಾಗಿರುವ ಕೆಲಸ ಮನುಷ್ಯರ ಪಾಲಿಗೆ ಉಳಿದಿದೆ. ಅದು ಕಲ್ಲಿದ್ದಲು ಎಸೆಯುವುದಕ್ಕಿಂತ ಹಗುರವೆಂದು ನಮಗೆ ಅನ್ನಿಸುವುದಿಲ್ಲ.

ತುರ್ತು ಬ್ರೇಕ್ ಹಾಕಿದರೂ ಗಾಡಿ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲುತ್ತದೆ. ಹಳಿಯ ಮೇಲೆ ಯಾರಾದರೂ ಬಂದರೆ ಹಾರ್ನ್ ಒತ್ತಿ, ಬ್ರೇಕ್ ಹಾಕಿ, ಆಮೇಲೆ ನೋಡುತ್ತ ಕುಳಿತಿರುವುದೊಂದೇ ಉಳಿಯುತ್ತದೆ. ಆ ನೋಟ ಚಾಲಕರ ಬೆನ್ನುಹತ್ತಿ ಮನೆಗೂ ಬರುತ್ತದೆ. ಮುಚ್ಚಿದ ಗೇಟಿನ ಕೆಳಗೆ ಬೈಕನ್ನು ಓರೆ ಮಾಡಿ ನುಸುಳಿದವರು ಈ ಸಭೆಯಲ್ಲೇ ಇದ್ದೇವೆ. ಹಾಗೆ ನುಸುಳುವಾಗ ಇಂಜಿನ್ನಿನೊಳಗೆ ಕುಳಿತವರನ್ನು ನಾವು ನೆನೆಯಲಿಲ್ಲ.

ರಾತ್ರಿ ಪಾಳಿ ಮುಗಿಸಿದ ಚಾಲಕರು ಹಗಲು ಮಲಗುತ್ತಾರೆ. ಮಗ್ಗದ ಪಾಳಿ ಕಂಡ ನಮ್ಮ ಮನೆಗಳಿಗೆ ಇದು ಹೊಸದಲ್ಲ. ಅಂಥ ಮನೆಯ ಮಗು ಶಾಲೆ ಬಿಟ್ಟು ಬಂದು, ಪಾಟೀಚೀಲವನ್ನು ಸದ್ದಾಗದಂತೆ ಮೂಲೆಗಿಟ್ಟು, ಹೊರಗಿನ ಕಟ್ಟೆಯ ಮೇಲೆ ಕುಳಿತು ಓದುತ್ತದೆ.