ಆಟದ ಹಿಡಿತ, ಆಟದ ಗಾಳ

(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ವೀಡಿಯೋ ಆಟದ ಮೇಲೆ ಭಾಷಣವೆಂದು ಅಧ್ಯಕ್ಷರು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ನಗಲಿ. ಬೋನಸ್ಸು, ತುಟ್ಟಿಭತ್ಯ, ತೆರಿಗೆಗಳ ವಿಚಾರ ಮಾತಾಡುವ ವೇದಿಕೆಯ ಮೇಲೆ ಇದೇನು ಹುಡುಗಾಟ ಎಂದು ಅನ್ನಿಸುವುದು ಸಹಜವೇ. ಆದರೆ ಎಂಟು ತಾಸು ಯಂತ್ರದ ಮುಂದೆ ನಿಂತು ಬೇಸತ್ತ ಹುಡುಗ ಮನೆಗೆ ಬಂದು, ಉಂಡು, ಇನ್ನೊಂದು ಯಂತ್ರವನ್ನು ಕೈಯಲ್ಲಿ ಹಿಡಿದು ರಾತ್ರಿ ಎರಡರವರೆಗೆ ತಾನಾಗಿಯೇ ಕೂರುತ್ತಾನಲ್ಲ, ಕೂಲಿಯಿಲ್ಲ, ಮೇಸ್ತ್ರಿಯಿಲ್ಲ, ಅದು ಯಾಕೆ? ಚಟ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಬಹಳ. ಆ ಮಾತು ನನಗೆ ಸಾಲದು. ಮನುಷ್ಯನ ಕೈಯಿಂದ ತಯಾರಾದ ಯಾವ ವಸ್ತುವನ್ನಾದರೂ ಬಿಚ್ಚಿ ನೋಡಬಹುದು. ಇದನ್ನೂ ಬಿಚ್ಚಿ ನೋಡೋಣ.

1971ರಲ್ಲಿ ಅಮೆರಿಕದಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಎಂಬ ಇಬ್ಬರು ಎಂಜಿನಿಯರರು ಕಾಸು ಹಾಕಿ ಆಡುವ ಒಂದು ಯಂತ್ರ ಮಾಡಿದರು. ಹೆಸರು ಕಂಪ್ಯೂಟರ್ ಸ್ಪೇಸ್. ಆಕಾಶನೌಕೆಯನ್ನು ಎಡಕ್ಕೆ ತಿರುಗಿಸಲು ಒಂದು ಗುಂಡಿ, ಬಲಕ್ಕೆ ಒಂದು, ಮುಂದೆ ತಳ್ಳಲು ಒಂದು, ಗುಂಡು ಹಾರಿಸಲು ಒಂದು. ಜೊತೆಗೆ ಓದಿಕೊಳ್ಳಬೇಕಾದ ಉದ್ದನೆಯ ಸೂಚನೆಗಳು. ಕಾಲೇಜಿನ ಹುಡುಗರಿಗೆ ಅದು ರುಚಿಸಿತು. ದುಡಿದು ದಣಿದು ಹೆಂಡದಂಗಡಿಗೆ ಬಂದವನಿಗೆ ತಲೆಬುಡ ತಿಳಿಯಲಿಲ್ಲ. ಯಂತ್ರ ಗೆಲ್ಲಲಿಲ್ಲ.

ಮರುವರ್ಷ, 1972ರಲ್ಲಿ, ಅವರೇ ಕಟ್ಟಿದ ಅಟಾರಿ ಕಂಪೆನಿಯಲ್ಲಿ ಅಲನ್ ಆಲ್ಕಾರ್ನ್ ಎಂಬ ಯುವಕ ಪಾಂಗ್ ಮಾಡಿದ. ಪರದೆಯ ಮೇಲೆ ಎರಡು ಗೆರೆ, ಒಂದು ಚೆಂಡು. ಆಡುವವನ ಕೈಗೆ ತಿರುಗಿಸುವ ಒಂದೇ ಒಂದು ಗುಬುಟು. ಚೆಂಡನ್ನು ತಪ್ಪಿಸಿಕೊಳ್ಳಬೇಡ, ಅಂಕ ಬರುತ್ತದೆ: ಕಲಿಯಬೇಕಾದದ್ದು ಅಷ್ಟೇ. ಕ್ಯಾಲಿಫೋರ್ನಿಯಾದ ಸನಿವೇಲ್ ಎಂಬ ಊರಿನ ಒಂದು ಹೆಂಡದಂಗಡಿಯಲ್ಲಿ ಅದನ್ನು ಪರೀಕ್ಷೆಗೆ ಇಟ್ಟರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆಯೆಂದು ಕರೆ ಬಂತು. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಕಾಸಿನ ಡಬ್ಬಿ ತುಂಬಿ ತುಳುಕಿ ಯಂತ್ರ ನಿಂತಿತ್ತು!

ಸುಲಭವಾದದ್ದರಿಂದ ಗೆದ್ದಿತೆಂದು ತಿಳಿಯಬೇಡಿ. ಬರೀ ಸುಲಭವಾದ ಆಟ ಎರಡನೆಯ ದಿನಕ್ಕೆ ಹಳಸುತ್ತದೆ. ಆ ಗೆರೆಯನ್ನು ಆಲ್ಕಾರ್ನ್ ಕಣ್ಣಿಗೆ ಕಾಣದಂತೆ ಎಂಟು ತುಂಡು ಮಾಡಿದ್ದ. ಚೆಂಡು ನಡುವೆ ಬಡಿದರೆ ನೆಟ್ಟಗೆ ಹೋಗುತ್ತದೆ, ಅಂಚಿಗೆ ಬಡಿದರೆ ಓರೆಯಾಗಿ. ಹೊಡೆತಗಳು ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಇನ್ನೊಂದು ವಿಚಿತ್ರ: ವಿದ್ಯುತ್ ಜೋಡಣೆಯ ಒಂದು ಕೊರತೆಯಿಂದ ಗೆರೆ ಪರದೆಯ ತುದಿಯವರೆಗೆ ಹೋಗುತ್ತಿರಲಿಲ್ಲ. ಸರಿಪಡಿಸಬಹುದಿತ್ತು, ಆತ ಬೇಕೆಂದೇ ಬಿಟ್ಟ. ಆ ಸಂದು ಇಲ್ಲದಿದ್ದರೆ ನಿಪುಣರಿಬ್ಬರು ಆಡಲು ನಿಂತರೆ ಆಟ ಮುಗಿಯುವಂತೆಯೇ ಇರಲಿಲ್ಲ. ಕಲಿಯಲು ಸುಲಭ, ಪಳಗಲು ಕಷ್ಟ. ಮೊದಲ ಕಾಸಿಗೂ ನೂರನೆಯ ಕಾಸಿಗೂ ಪ್ರತಿಫಲ ಸಿಗಬೇಕು ಎಂಬುದು ಬುಶ್ನೆಲ್ ಇದರಿಂದ ಕಂಡುಕೊಂಡ ನಿಯಮ.

ನಮ್ಮಲ್ಲಿ ನೂಲಿನ ಗಿರಣಿಯವರಿದ್ದೀರಿ. ಹರಿದ ಎಳೆಯನ್ನು ಕೂಡಿಸುವುದು ಹೇಗೆಂದು ಹೊಸಬನಿಗೆ ಒಂದು ನಿಮಿಷದಲ್ಲಿ ತೋರಿಸಬಹುದು. ಆದರೆ ಕೈಗೆ ಅದು ಹತ್ತಬೇಕಾದರೆ ತಿಂಗಳುಗಳೇ ಬೇಕು. ಹತ್ತಿದ ದಿನ ಒಳಗೆ ಒಂದು ಹಿಗ್ಗು ಇರುತ್ತದೆಯಲ್ಲ, ಆಟ ಮಾರುವುದು ಆ ಹಿಗ್ಗನ್ನೇ. ಗಿರಣಿಯಲ್ಲಿ ಆ ಹಿಗ್ಗು ಒಮ್ಮೆ ಬಂದು ಹೋಗುತ್ತದೆ, ಆಮೇಲೆ ಇಪ್ಪತ್ತು ವರ್ಷ ಅದೇ ಎಳೆ. ಆಟದಲ್ಲಿ ಹತ್ತು ನಿಮಿಷಕ್ಕೊಮ್ಮೆ ಹೊಸ ಎಳೆ.

ಜಪಾನಿನ ಟೈಟೊ ಕಂಪೆನಿಯ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಈ ಏರಿಕೆ ಚೆನ್ನಾಗಿ ಕಾಣುತ್ತದೆ. ಹನ್ನೊಂದರಂತೆ ಐದು ಸಾಲು, ಐವತ್ತೈದು ಶತ್ರುಗಳು ಮೇಲಿನಿಂದ ಹೆಜ್ಜೆ ಹಾಕುತ್ತಾ ಇಳಿಯುತ್ತವೆ. ನೀವು ಎಡಬಲ ಸರಿದು ಹೊಡೆಯಬೇಕು. ಅಂದಿನ ಯಂತ್ರದ ಮಿದುಳು ಬಡಪಾಯಿ. ಐವತ್ತೈದನ್ನು ಒಟ್ಟಿಗೆ ನಡೆಸಲು ಏದುಸಿರು ಬಿಡುತ್ತಿತ್ತು. ಹೊಡೆದಷ್ಟೂ ಅದರ ಹೊರೆ ಇಳಿದು ಉಳಿದವು ಬೇಗ ಬೇಗ ನಡೆಯತೊಡಗಿದವು, ಕೊನೆಯದೊಂದು ಓಡತೊಡಗಿತು. ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡ. ಹಿನ್ನೆಲೆಯಲ್ಲಿ ನಾಲ್ಕೇ ಸ್ವರದ ದುಡಿತ, ಅದೂ ಎದೆಬಡಿತದಂತೆ ಚುರುಕಾಗುತ್ತದೆ. ಗೆಲ್ಲುತ್ತ ಹೋದಂತೆ ಗೆಲುವು ಕಠಿಣವಾಗುತ್ತದೆ. ಪರದೆಯ ಮೇಲ್ಗಡೆ ಅಂದಿನವರೆಗಿನ ಅತಿ ಹೆಚ್ಚಿನ ಅಂಕ. ಅದು ಯಾರೋ ಅಪರಿಚಿತನದು, ನಿಮಗಿಂತ ಸ್ವಲ್ಪವೇ ಹೆಚ್ಚು. ಅದನ್ನು ನೋಡಿಕೊಂಡು ಸುಮ್ಮನೆ ಮನೆಗೆ ಹೋಗುವವನು ಯಾರು?

ಆದರೂ ನನ್ನ ಮಟ್ಟಿಗೆ ಎಲ್ಲ ಆಟಗಳ ರಾಜ ಟೆಟ್ರಿಸ್. 1984ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಇದನ್ನು ಮಾಡಿದ. ಆತನಿದ್ದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಚೌಕ ಮಾಡಿದ. ಐದೈದು ಚೌಕಗಳ ಹನ್ನೆರಡು ಬಿಲ್ಲೆಗಳ ಒಂದು ಹಳೆಯ ಒಗಟು ಆತನಿಗೆ ಇಷ್ಟವಾಗಿತ್ತು. ಹನ್ನೆರಡು ಆಕಾರ ತಲೆಗೆ ಭಾರ. ನಾಲ್ಕು ಚೌಕಕ್ಕೆ ಇಳಿಸಿದರೆ ಏಳೇ ಆಕಾರ, ಕಣ್ಣು ನೆನಪಿಟ್ಟುಕೊಳ್ಳುತ್ತದೆ. ಬೀಳುವ ಬಿಲ್ಲೆಯನ್ನು ತಿರುಗಿಸಿ ಕೂರಿಸಬೇಕು. ಮೊದಲು ಪರದೆ ಬಲು ಬೇಗ ತುಂಬಿ ಆಟ ಸಾಯುತ್ತಿತ್ತು. ಪೂರ್ತಿ ತುಂಬಿದ ಸಾಲು ಮಾಯವಾಗಲಿ ಎಂದು ಆತ ಮಾಡಿದ ಮೇಲೆ ಆಟಕ್ಕೆ ಜೀವ ಬಂತು.

ಅದರ ಗುಟ್ಟನ್ನು ಗಮನಿಸಿ. ನೀವು ಸರಿಯಾಗಿ ಮಾಡಿದ್ದು ಕಣ್ಣೆದುರಿನಿಂದ ಹೋಗಿಬಿಡುತ್ತದೆ, ತಪ್ಪಿದ್ದು ಮಾತ್ರ ಗುಡ್ಡೆಯಾಗಿ ಉಳಿಯುತ್ತದೆ. ಸೋತಾಗ ಅದೃಷ್ಟವನ್ನು ಬಯ್ಯಲಾಗುವುದಿಲ್ಲ. ಗುಡ್ಡೆ ಇಲ್ಲೇ ಇದೆ, ಕಟ್ಟಿದವನು ನಾನೇ. ಆ ತೂತು ಬಿಡದಿದ್ದರೆ ಆಗುತ್ತಿತ್ತು ಎಂದು ಮನಸ್ಸು ಹೇಳುತ್ತದೆ, ಬೆರಳು ಆಗಲೇ ಮತ್ತೆ ಶುರುಮಾಡಿರುತ್ತದೆ. ಈ ಆಟವನ್ನು ಗೆದ್ದವರೇ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಹದಿಮೂರು ವರ್ಷದ ಒಬ್ಬ ಅಮೆರಿಕನ್ ಹುಡುಗ ಅದರ ಹಳೆಯ ನಿಂಟೆಂಡೊ ಆವೃತ್ತಿಯನ್ನು ಎಷ್ಟು ದೂರ ಆಡಿದನೆಂದರೆ ಯಂತ್ರವೇ ಸ್ತಬ್ಧವಾಯಿತು. ಇನ್ನು ಪ್ರತಿಫಲದ ಮಾತು: 1989ರಲ್ಲಿ ನಿಂಟೆಂಡೊ ತನ್ನ ಗೇಮ್ ಬಾಯ್ ಯಂತ್ರದ ಜೊತೆಗೆ ಈ ಆಟವನ್ನು ಕೊಟ್ಟು ಲೋಕವೆಲ್ಲ ಮಾರಿತು, ಹಕ್ಕು ಸೋವಿಯತ್ ಸರಕಾರದ್ದಾಗಿತ್ತು, ಮಾಡಿದವನಿಗೆ ರಾಯಧನ ಕೈಗೆ ಬರಲು ಶುರುವಾದದ್ದು 1996ರಲ್ಲಿ. ಬಂಡವಾಳಶಾಹಿಯನ್ನು ಮಾತ್ರ ಬಯ್ಯಲು ಬಂದವರು ಇದನ್ನೂ ನೆನಪಿನಲ್ಲಿಡಬೇಕು.

ಕಷ್ಟದ ಆಟವೆಂದರೆ ಎಳೆಯರಿಗೆ, ಚುರುಕು ಕೈಯವರಿಗೆ ಮಾತ್ರ ಎನ್ನುವವರಿದ್ದಾರೆ. 2018ರಲ್ಲಿ ಬಂದ ಸೆಲೆಸ್ಟ್ ಎಂಬ ಬೆಟ್ಟ ಹತ್ತುವ ಆಟ ಬಹಳ ಕಠಿಣ. ಆದರೆ ಬಿದ್ದರೆ ಕ್ಷಣಮಾತ್ರದಲ್ಲಿ ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ನಿಂತಿರುತ್ತೀರಿ, ಮೊದಲಿನಿಂದ ಹತ್ತಬೇಕಿಲ್ಲ. ಬೇಕಾದವರು ಆಟದ ವೇಗವನ್ನೇ ತಗ್ಗಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಯಂತ್ರಕ್ಕೆ ಬೆರಳು ಕೊಟ್ಟು ಮನೆಯಲ್ಲಿ ಕೂತವನೂ ಆ ಬೆಟ್ಟ ಹತ್ತಬಹುದು.

ಇಷ್ಟು ಹೊಗಳಿದ ಮೇಲೆ ಗಾಳದ ಮಾತು. ಕಾಸಿನ ಯಂತ್ರಗಳ ಕಾಲದಲ್ಲಿಯೇ ಒಳಗೆ ಪುಟ್ಟ ಸ್ವಿಚ್ಚುಗಳಿರುತ್ತಿದ್ದವು. ಆಡುವವನಿಗೆ ಮೂರು ಜೀವವೋ ನಾಲ್ಕೋ, ಎಷ್ಟು ಅಂಕಕ್ಕೆ ಒಂದು ಜೀವ ಹೆಚ್ಚು ಎಂಬುದನ್ನು ಅಂಗಡಿಯವನು ತಿರುಗಿಸಿ ಇಡಬಹುದಿತ್ತು. ಅಂದರೆ ಕಷ್ಟದಲ್ಲಿ ಎರಡು ಬಗೆ: ಆಟದ ರುಚಿಗಾಗಿ ಇಟ್ಟ ಕಷ್ಟ ಒಂದು, ಗಲ್ಲಾಪೆಟ್ಟಿಗೆಗಾಗಿ ಇಟ್ಟ ಕಷ್ಟ ಒಂದು. ಇಂದು ಮೊಬೈಲಿನಲ್ಲಿ ಪುಕ್ಕಟೆಯೆಂದು ಬರುವ ಎಷ್ಟೋ ಆಟಗಳಲ್ಲಿ ಎರಡನೆಯದೇ ಯಜಮಾನ. ನಾಲ್ಕು ತಾಸು ಕಾಯಿ, ಇಲ್ಲವೆ ಹಣ ಕೊಡು. ಮುಚ್ಚಿದ ಪೆಟ್ಟಿಗೆ ಕೊಂಡುಕೋ, ಒಳಗೆ ಏನಿದೆಯೋ ನಿನ್ನ ಹಣೆಬರಹ.

ಈ ಪೆಟ್ಟಿಗೆಯ ಶಾಸ್ತ್ರ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅದು ಸಿಕ್ಕಿತ್ತು. ಕುಕ್ಕಿದಾಗಲೆಲ್ಲ ಕಾಳು ಬಿದ್ದು ಆಮೇಲೆ ನಿಂತರೆ ಹಕ್ಕಿ ಬೇಗ ಬಿಟ್ಟುಬಿಡುತ್ತದೆ. ಎಷ್ಟನೆಯ ಕುಕ್ಕಿಗೆ ಬೀಳುತ್ತದೋ ತಿಳಿಯದ ಹಾಗೆ ಕೊಟ್ಟು ನಿಲ್ಲಿಸಿದರೆ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಓಸಿ ಚೀಟಿ ಬರೆಸುವವನನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಕೆಲವನ್ನು ಜೂಜೆಂದೇ ಪರಿಗಣಿಸಿತು. ನಮ್ಮ ರಾಜ್ಯ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ತಂದ ತಿದ್ದುಪಡಿಯನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಚೀಲಕ್ಕೆ ತುಂಬಲಾಗದು ಎಂಬುದು ಅಲ್ಲಿಯ ಮುಖ್ಯ ವಾದ. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನೆಲ್ಲ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಅದರಲ್ಲಿ ಶಿಕ್ಷೆ ನಡೆಸುವವನಿಗೆ, ಆಡಿ ಕಳೆದುಕೊಂಡವನಿಗಲ್ಲ. ಅಷ್ಟರಮಟ್ಟಿಗೆ ಅದು ನ್ಯಾಯ.

ಭಾಷಣ ಮುಗಿದ ಮೇಲೆ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಎದ್ದು ನಿಂತು, “ಹಾಗಾದರೆ ನನ್ನ ಮಗನ ಫೋನು ಕಸಿದುಕೊಳ್ಳಲೋ ಬೇಡವೋ, ಅದನ್ನು ಹೇಳಿ ಸ್ವಾಮಿ” ಎಂದರು. ಸಭೆ ನಕ್ಕಿತು. ನಾನು ಹೇಳಿದ್ದು ಇಷ್ಟು: ಕಸಿಯುವ ಮುಂಚೆ ಒಂದು ಸಂಜೆ ಅವನ ಪಕ್ಕದಲ್ಲಿ ಕೂತು ನೋಡಿ, ಸಾಧ್ಯವಾದರೆ ನೀವೂ ಒಂದು ಸುತ್ತು ಆಡಿ. ಸೋತಾಗ ಅವನು ಏನನ್ನುತ್ತಾನೆ ಕೇಳಿಸಿಕೊಳ್ಳಿ. “ಅಲ್ಲಿ ಬಲಕ್ಕೆ ಹೋಗಬೇಕಿತ್ತು” ಎಂದರೆ ಅವನು ಏನನ್ನೋ ಕಲಿಯುತ್ತಿದ್ದಾನೆ. ಹೊತ್ತು ಗೊತ್ತು ಮಾಡಿ ಬಿಡಿ. “ಇನ್ನೊಂದು ಸಲ ಹಾಕಿದರೆ ಬರುತ್ತೆ” ಎಂದರೆ, ಫೋನಿನ ಗೊಡವೆಗೆ ಹೋಗುವ ಮೊದಲು ಅದಕ್ಕೆ ಜೋಡಿಸಿರುವ ಬ್ಯಾಂಕ್ ಖಾತೆಯನ್ನು ಬಿಡಿಸಿ. ಅಂಗಡಿಯ ಗಲ್ಲದ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ.