ವ್ಯಾಯಾಮಶಾಲೆಯ ಸಾಹಿತಿ

ಅಂಗಸಾಧನೆಯೂ ಅಕ್ಷರಸಾಧನೆಯೂ ಒಂದೆಡೆ ಕೂಡಿರಲಾರವೆಂಬುದು ನಮ್ಮಲ್ಲಿ ಹಲವರ ಎಣಿಕೆ. ಗರಡಿಗೆ ಹೋದವನಿಗೆ ಓದು ಹತ್ತದು, ಓದಿದವನು ತುಂಬಿದ ಕೊಡ ಎತ್ತಲಾರ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಈ ಎಣಿಕೆ ಸುಳ್ಳೆಂದು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಕನ್ನಡಿಗರೊಬ್ಬರ ವಿಚಾರವನ್ನು ತಮ್ಮ ಮುಂದಿಡುತ್ತೇನೆ. ಅವರೇ ಕೋಲಾರದ ವೆಂಕಟೇಶ ಅಯ್ಯರ್. ನಾಡು ಬಲ್ಲಂತೆ ಕೆ. ವಿ. ಅಯ್ಯರ್.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅವರು ಅಸಂಖ್ಯ ತರುಣರ ಮೈಯನ್ನು ತಿದ್ದಿದರು. ಪಶ್ಚಿಮದವರ ಭಾರವೆತ್ತುವ ಕ್ರಮ, ನಮ್ಮ ಹಠಯೋಗದ ಆಸನ, ಸೂರ್ಯನಮಸ್ಕಾರ, ಈ ಮೂರನ್ನೂ ಹೊಂದಿಸಿ ತಮ್ಮದೇ ಆದ ಪದ್ಧತಿಯನ್ನು ರೂಪಿಸಿದರು. ದೂರದೂರಿನವರಿಗೆ ಅಂಚೆಯ ಮೂಲಕ ಪಾಠ ಹೇಳಿದರು. 1930ರಲ್ಲಿ ‘ಮಸಲ್ ಕಲ್ಟ್’, 1937ರಲ್ಲಿ ‘ಸೂರ್ಯನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಹೊರತಂದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೂ ಅವರ ವಿದ್ಯೆಗೆ ಮನ್ನಣೆಯಿತ್ತರು.

ಅವರ ಪದ್ಧತಿಯ ತಿರುಳು ಅಂಗಾಂಗಗಳ ಸಮತೆ. ತೋಳೊಂದೇ ಉಬ್ಬಿದರೆ ಸಾಲದು; ಬೆನ್ನು, ಎದೆ, ತೊಡೆ, ಉಸಿರು ಎಲ್ಲವೂ ಸಮನಾಗಿ ಬೆಳೆಯಬೇಕು.

ನಮ್ಮ ಮಟಮಾರಿಯ ಕಡೆ ತಂದೆತಾಯಿಗಳು ಒಂದು ಮಾತು ಕೇಳುವುದುಂಟು: “ಮಾಸ್ತರ್ರೇ, ಹೊಲದಾಗ ದುಡಿಯೋ ಹುಡುಗಗ ಮತ್ತ ಕಸರತ್ತು ಯಾಕ್ರೀ?” ಉತ್ತರ ಈ ಸಮತೆಯಲ್ಲೇ ಇದೆ. ಹತ್ತಿ ಬಿಡಿಸುವಾಗಲೂ ಕಳೆ ಕೀಳುವಾಗಲೂ ಬೆನ್ನು ಮುಂದಕ್ಕೇ ಬಾಗಿರುತ್ತದೆ. ದುಡಿಮೆಯು ತನಗೆ ಬೇಕಾದ ಅಂಗವನ್ನಷ್ಟೇ ಬಳಸುತ್ತದೆ. ವ್ಯಾಯಾಮವು ಬಿಟ್ಟುಹೋದ ಅಂಗವನ್ನು ಎಚ್ಚರಿಸುತ್ತದೆ.

ಇನ್ನು ಅವರ ಅಕ್ಷರಸಾಧನೆ. ನಾಟಕಕಾರ ಕೈಲಾಸಂ ಅವರಿಗೆ ಅಯ್ಯರ್ ಆಪ್ತಮಿತ್ರರು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅವರ ನೆನಪುಗಳನ್ನು ಗ್ರಂಥವಾಗಿಸಿದರು. ‘ರವಿ ಕಲಾವಿದರು’ ಎಂಬ ನಾಟಕತಂಡವನ್ನು ಕಟ್ಟಿದರು. ಹೊಯ್ಸಳರ ರಾಣಿಯನ್ನು ಕುರಿತ ‘ಶಾಂತಲಾ’ ಕಾದಂಬರಿಯನ್ನು ಬರೆದರು. ಅವರ ‘ರೂಪದರ್ಶಿ’ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮುದ್ದು ಬಾಲಕನೇ, ವರ್ಷಗಳು ಉರುಳಿದ ಮೇಲೆ, ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುತ್ತಾನೆ. ನಡತೆ ಕೆಟ್ಟರೆ ರೂಪವೂ ಕೆಡುತ್ತದೆಂಬ ಈ ಕಥೆಯನ್ನು ಬರೆದವರು ಮೈಕಟ್ಟಿನ ಆಚಾರ್ಯರೆಂಬುದನ್ನು ಗಮನಿಸಿರಿ. ಅಯ್ಯರ್ 1980ರಲ್ಲಿ ಕಾಲವಾದರು.

ಪರೀಕ್ಷೆ ಹತ್ತಿರ ಬಂದೊಡನೆ ನಮ್ಮ ಶಾಲೆಗಳಲ್ಲಿ ಮೊದಲು ಕೈಬಿಡುವುದು ವ್ಯಾಯಾಮದ ಅವಧಿಯನ್ನೇ. ಆ ಅವಧಿಯನ್ನು ಉಳಿಸಿರೆಂದು ಮಾಸ್ತರರನ್ನು ಕೇಳುವ ಹಕ್ಕು ತಂದೆತಾಯಿಗಳಾದ ತಮಗಿದೆ. ಮನೆಯಲ್ಲಿಯೂ ಬೆಳಗಿನ ಅರ್ಧ ಗಳಿಗೆಯನ್ನು ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳಿಗೂ ಮೀಸಲಿಡಿರಿ. ಚಾಪೆಯಗಲದ ಜಾಗ ಸಾಕು. ಖರ್ಚು ಏನೂ ಇಲ್ಲ.